ಓಡುವ ಮಗಳು ಯಾರವಳು?

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ, ದಾನಿಗಳಿಗೆ ಕೃತಜ್ಞತೆ, ಇವುಗಳ ವರದಿಯಾಗಿರುವುದೇ ವಾಡಿಕೆ. ಆ ವರದಿಯು ಈ ಸಂಚಿಕೆಯಲ್ಲಿ ಬೇರೆ ಕಡೆ ಇರುವುದರಿಂದ, ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿರುವ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡಲು ಇಲ್ಲಿ ಅಪ್ಪಣೆ ಬೇಡುತ್ತೇವೆ.

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ಶಾಲೆಯನ್ನು ನೋಡಲು ಬಂದಿದ್ದಳು. ಕೊರಟಗೆರೆಯ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ನಮ್ಮಲ್ಲಿ ಓದಿ, ಈಗ ಅಮೆರಿಕಾ ದೇಶದಲ್ಲಿ ನೆಲೆಸಿರುವವಳು. ಜೊತೆಯಲ್ಲಿ ಹದಿನಾಲ್ಕು ವರ್ಷದ ಮಗಳು. ತಾಯಿಯು ತಾನು ಕುಳಿತಿದ್ದ ಬೆಂಚನ್ನು ಹುಡುಕುತ್ತಿರಲು, ಮಗಳು ಆಟದ ಬಯಲನ್ನು ಕಂಡು ಎರಡು ಸುತ್ತು ಓಡಿಬಂದಳು. ಆಗ ತಾಯಿಯು ಸಂಕೋಚದಿಂದ, “ಟೀಚರ್, ಇವಳು ಅಲ್ಲಿನ ಶಾಲೆಯಲ್ಲಿ ಹರ್ಡಲ್ಸ್ ಓಡುತ್ತಾಳೆ. ಮುಂದೆ ಎಂದಾದರೂ ನಮ್ಮ ದೇಶದ ಪರವಾಗಿ ಓಡಬಹುದೇ? ಇವಳನ್ನು ನಮ್ಮವಳೆಂದು ಇಲ್ಲಿಯವರು ಒಪ್ಪುವರೇ?” ಎಂದು ಕೇಳಿದಳು. ಆ ದಿನ ನಾವು ಹೇಳಿದ ಉತ್ತರವು ನಮಗೇ ತೃಪ್ತಿಕರವಾಗಿರಲಿಲ್ಲ. ಆದಕಾರಣ ಸಾವಧಾನವಾಗಿ ಯೋಚಿಸಿ, ಈ ಪುಟಗಳ ಮೂಲಕ ಆಕೆಗೂ ತಮಗೂ ಉತ್ತರ ಹೇಳುತ್ತಿದ್ದೇವೆ.

ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ಓಡಿ ತೋರಿಸಿದ ತರುಣಿಯೊಬ್ಬಳುಂಟು. ಆಕೆಯ ಹೆಸರು ಜಾಸ್ಮಿನ್ ಕಮಾಚೊ ಕ್ವಿನ್. ೧೯೯೬ರಲ್ಲಿ ಅಮೆರಿಕಾದ ದಕ್ಷಿಣ ಕೆರೊಲಿನಾ ಸಂಸ್ಥಾನದಲ್ಲಿ ಹುಟ್ಟಿ, ಅಲ್ಲಿಯೇ ಬೆಳೆದು, ಕೆಂಟಕಿ ವಿಶ್ವವಿದ್ಯಾನಿಲಯದಲ್ಲಿ ಓದಿದವಳು. ತಾಯಿಯ ಕಡೆಯವರು ಕ್ಯಾರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದವರು. ಈ ದ್ವೀಪವು ೧೮೯೮ರಿಂದ ಅಮೆರಿಕಾದ ಅಧೀನದಲ್ಲಿದೆ. ಅಲ್ಲಿಯ ಜನರಿಗೆ ೧೯೧೭ರಲ್ಲಿಯೇ ಅಮೆರಿಕಾದ ಪೌರತ್ವವು ದೊರೆಯಿತು. ಆದರೂ ಒಲಿಂಪಿಕ್ ಕ್ರೀಡೆಗಳಿಗೆ ಮಾತ್ರ ಆ ದ್ವೀಪವು ೧೯೪೮ರಿಂದ ತನ್ನದೇ ತಂಡವನ್ನು ಕಳುಹಿಸುತ್ತಿದೆ. ಜಾಸ್ಮಿನಳು ಹುಟ್ಟಿದ ನಾಡಿನ ಪರವಾಗಿ ಓಡಲು ಯತ್ನಿಸಬಹುದಾಗಿತ್ತು. ಹಾಗೆ ಮಾಡದೆ ತಾಯಿಯ ನಾಡನ್ನು ಆರಿಸಿಕೊಂಡಳು.

ಆಕೆಯ ಓಟವು ನೂರು ಮೀಟರ್ ಹರ್ಡಲ್ಸ್, ಅಂದರೆ ಅಡೆತಡೆಗಳ ಓಟ. ಅದನ್ನು ಕಾಣದ ತಾಯಂದಿರಿಗಾಗಿ ನಾಲ್ಕು ಮಾತು ಹೇಳುವುದು ಉಚಿತ. ದಾರಿಯಲ್ಲಿ ಹತ್ತು ತಡೆಗಳು ನಿಂತಿರುವುವು. ಒಂದೊಂದರ ಎತ್ತರ ೮೩.೮ ಸೆಂಟಿಮೀಟರ್, ಎಂದರೆ ೩೩ ಅಂಗುಲ. ಓಟದ ಆರಂಭದಿಂದ ಮೊದಲನೆಯ ತಡೆಗೆ ೧೩ ಮೀಟರ್, ಆಮೇಲೆ ತಡೆಯಿಂದ ತಡೆಗೆ ಎಂಟೂವರೆ ಮೀಟರ್. ಈ ಎಂಟೂವರೆ ಮೀಟರನ್ನು ಮೂರೇ ಹೆಜ್ಜೆಗಳಲ್ಲಿ ದಾಟಿ ಮತ್ತೆ ಹಾರಬೇಕು. ಹೆಜ್ಜೆಯೊಂದು ತಪ್ಪಿದರೆ ಲಯವೆಲ್ಲ ತಪ್ಪಿತು. ಆದರೆ ಈ ಆಟದ ನಿಯಮದಲ್ಲಿ ಒಂದು ದಯೆಯೂ ಉಂಟು. ಕಾಲು ತಾಗಿದರೆ ಮುಂದಕ್ಕೆ ಮಗುಚುವಂತೆಯೇ ಆ ತಡೆಯನ್ನು ಮಾಡಿರುತ್ತಾರೆ. ಓಡುವಾಗ ಅರಿಯದೆ ಒಂದು ತಡೆಯನ್ನು ಬೀಳಿಸಿದ ಮಾತ್ರಕ್ಕೆ ಓಟಗಾರ್ತಿಯು ಸ್ಪರ್ಧೆಯಿಂದ ಹೊರಗಾಗುವುದಿಲ್ಲ.

೨೦೧೬ರಲ್ಲಿ ರಿಯೊ ನಗರದ ಒಲಿಂಪಿಕ್ಸಿಗೆ ಪೋರ್ಟೊ ರಿಕೊ ಈ ಹುಡುಗಿಯನ್ನು ಕಳುಹಿಸಿದಾಗ ಆಕೆಗೆ ೧೯ ವರ್ಷ. ಉಪಾಂತ್ಯದ ಓಟದಲ್ಲಿ ಮುಂದೆ ಮುಂದೆ ಓಡುತ್ತಿದ್ದವಳು, ಕೊನೆಯ ತಡೆಗಳ ಸಮೀಪದಲ್ಲಿ ಕಾಲು ತಾಗಿ, ಲಯ ತಪ್ಪಿ, ಮುಂದಿನ ತಡೆಗೆ ಬಡಿದು, ಸ್ಪರ್ಧೆಯನ್ನೇ ಕಳೆದುಕೊಂಡಳು. ಓಟದ ಅಂಗಳದಲ್ಲಿಯೇ ಕುಳಿತು ಅತ್ತಳು. ಐದು ವರ್ಷಗಳ ಬಳಿಕ, ೨೦೨೧ರಲ್ಲಿ ಟೋಕಿಯೊ ನಗರದಲ್ಲಿ, ಅದೇ ದ್ವೀಪದ ಅಂಗಿಯನ್ನು ತೊಟ್ಟು ಮತ್ತೆ ನಿಂತಳು. ಉಪಾಂತ್ಯದಲ್ಲಿ ೧೨.೨೬ ಸೆಕೆಂಡುಗಳ ಒಲಿಂಪಿಕ್ ದಾಖಲೆ. ಮಾರನೆಯ ದಿನ, ಆಗಸ್ಟ್ ೨ರಂದು, ೧೨.೩೭ ಸೆಕೆಂಡುಗಳಲ್ಲಿ ಸ್ವರ್ಣಪದಕ. ಓಟದ ಸ್ಪರ್ಧೆಗಳಲ್ಲಿ ಆ ದ್ವೀಪಕ್ಕೆ ಅದೇ ಮೊದಲನೆಯ ಚಿನ್ನ. ಪದಕವನ್ನು ಸ್ವೀಕರಿಸುವಾಗ ಆಕೆಯ ಮುಡಿಯಲ್ಲಿ ದ್ವೀಪದ ನಾಡಹೂವಾದ ಮಾಗಾ ಹೂವಿತ್ತು. ಮುಡಿಯ ಹೂವಿಗೂ ತವರಿಗೂ ಇರುವ ಸಂಬಂಧವನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ವಿವರಿಸಬೇಕಾದುದಿಲ್ಲ. ೨೦೨೪ರಲ್ಲಿ ಪ್ಯಾರಿಸಿನಲ್ಲಿ ಆಕೆಯು ಮತ್ತೆ ಓಡಿ ಕಂಚನ್ನು ಗಳಿಸಿದಳು.

ಪೋರ್ಟೊ ರಿಕೊ ಮಹಾರಾಷ್ಟ್ರವೇನೂ ಅಲ್ಲ. ೨೦೨೦ರ ಗಣತಿಯಲ್ಲಿ ಅಲ್ಲಿದ್ದವರು ಸುಮಾರು ೩೩ ಲಕ್ಷ ಜನ. ನಮ್ಮ ತುಮಕೂರು ಜಿಲ್ಲೆಯೊಂದರಲ್ಲಿಯೇ ೨೦೧೧ರ ಗಣತಿಯಂತೆ ಸುಮಾರು ೨೭ ಲಕ್ಷ ಜನರಿದ್ದರು. ಅಷ್ಟು ಸಣ್ಣ ನಾಡು ತನ್ನ ಮಗಳೆಂದು ಆಕೆಯನ್ನು ಕೊಂಡಾಡುತ್ತಿರಲು, ಅಪಸ್ವರವೂ ಕೇಳಿಬಂತು. ಈಕೆ ಇಲ್ಲಿ ಹುಟ್ಟಿದವಳಲ್ಲ, ನಮ್ಮ ಸ್ಪ್ಯಾನಿಷ್ ಭಾಷೆಯನ್ನು ಸರಾಗವಾಗಿ ಆಡಬಲ್ಲವಳಲ್ಲ, ಈಕೆ ನಮ್ಮವಳು ಹೇಗಾದಾಳು ಎಂದು ಕೆಲವರು ಆಡಿಕೊಂಡರು. ದೊಡ್ಡ ದೇಶದ ತಂಡದಲ್ಲಿ ಒಂದು ಸ್ಪರ್ಧೆಗೆ ಮೂರೇ ಸ್ಥಾನ, ಅಲ್ಲಿ ಪೈಪೋಟಿ ಹೆಚ್ಚು, ಸಣ್ಣ ನಾಡಿನಲ್ಲಿ ಸ್ಥಾನ ಸುಲಭ ಎಂಬ ಲೆಕ್ಕಾಚಾರವೂ ಇಂಥ ಆಯ್ಕೆಗಳಲ್ಲಿ ಇರಬಹುದೆಂಬುದು ಇನ್ನೊಂದು ಆಕ್ಷೇಪಣೆ. ಇದು ಅಲಕ್ಷಿಸತಕ್ಕ ಮಾತಲ್ಲ. ಆದರೆ ಟೋಕಿಯೊದ ಅಂತಿಮ ಓಟದಲ್ಲಿ ಆಕೆಯ ಹಿಂದೆ ಎರಡನೆಯವಳಾಗಿ ಬಂದವಳು ಅದೇ ದೊಡ್ಡ ದೇಶದ, ಆ ಕಾಲಕ್ಕೆ ವಿಶ್ವದಾಖಲೆಯನ್ನು ಹೊಂದಿದ್ದ ಕೆಂಡ್ರಾ ಹ್ಯಾರಿಸನ್ ಎಂಬುದನ್ನು ನೆನೆದರೆ, ಸುಲಭದ ದಾರಿಯೆಂಬ ಮಾತು ಈಕೆಯ ವಿಷಯದಲ್ಲಿ ನಿಲ್ಲಲಾರದು.

ಹುಟ್ಟಿದ ಸ್ಥಳ, ಆಡುವ ನುಡಿ, ಇವುಗಳಿಂದ ಮಗಳನ್ನು ಅಳೆಯುವ ಪದ್ಧತಿಯು ನಮಗೆ ಹೊಸದಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ನಾಲ್ಕರಿಂದಲೂ ನಮ್ಮಲ್ಲಿಗೆ ಬಾಲಿಕೆಯರು ಬರುತ್ತಾರೆ. ಇವುಗಳಲ್ಲಿ ಪಾವಗಡವು ಬಹುಪಾಲು ಆಂಧ್ರದ ಸೀಮೆಯಿಂದ ಸುತ್ತುವರಿದ ತಾಲ್ಲೂಕು. ಅಲ್ಲಿಯ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತಾರೆ. ಸಿರೆಯ ಮುಸಲ್ಮಾನ ಮನೆಗಳ ಹುಡುಗಿಯರು ಉರ್ದುವನ್ನು ಆಡುತ್ತಾರೆ. ಹೊಸದಾಗಿ ಬಂದ ಹುಡುಗಿಯ ಉಚ್ಚಾರಣೆಯನ್ನು ಕೇಳಿ ಉಳಿದವರು ನಕ್ಕುದನ್ನೂ, “ನೀನು ಯಾವ ಕಡೆಯವಳೇ?” ಎಂದು ಕೆಣಕಿದುದನ್ನೂ ನಾವು ಕಂಡಿದ್ದೇವೆ. ಆ ಹುಡುಗಿಯೇ ಕನ್ನಡದಲ್ಲಿ ಮೊದಲನೆಯವಳಾಗಿ ತೇರ್ಗಡೆಯಾದುದನ್ನೂ ಕಂಡಿದ್ದೇವೆ. ಮನೆಮಾತು ಯಾವುದೆಂಬುದು ಮಗುವು ಆರಿಸಿಕೊಂಡ ವಿಷಯವಲ್ಲ.

ಇನ್ನು ಹುಟ್ಟಿನ ಮಾತು. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎಂಬ ಗಾದೆಯನ್ನು ನಮ್ಮ ಹಿರಿಯರು ಮಾಡಿಟ್ಟಿದ್ದಾರೆ. ಹುಟ್ಟಿದ ಮನೆಯಲ್ಲಿ ಆಕೆ ಬೇರೆಯವರ ಸೊತ್ತು, ಸೇರಿದ ಮನೆಯಲ್ಲಿ ಬೇರೆ ಕಡೆಯಿಂದ ಬಂದವಳು. ಹೀಗೆ ಎರಡು ಕಡೆಯೂ ಅರ್ಧ ಹಕ್ಕಿನವಳಾಗಿರುವ ಹೆಣ್ಣಿಗೆ, ತಾಯಿಯ ನಾಡೊಂದು ಪೂರ್ತಿ ಬಾವುಟವನ್ನೇ ಕೈಗೆ ಕೊಟ್ಟಿತೆಂಬುದೇ ಈ ವೃತ್ತಾಂತದಲ್ಲಿ ನಮ್ಮ ಮನಸ್ಸನ್ನು ಹಿಡಿದ ಅಂಶ.

ಹಾಗಾದರೆ ಒಬ್ಬಳನ್ನು ನಮ್ಮವಳೆಂದು ಹೇಳಿಕೊಳ್ಳುವ ಹಕ್ಕು ಯಾವುದರಿಂದ ಬರುವುದು? ರಕ್ತದಿಂದಲೇ ಬರುವುದಾದರೆ ಪ್ರಯತ್ನವೇ ಬೇಕಾಗಿಲ್ಲ. ಗೆಲುವಿನಿಂದ ಬರುವುದಾದರೆ ಅದು ಗೆದ್ದೆತ್ತಿನ ಬಾಲವನ್ನು ಹಿಡಿದಂತೆ. ಇದಕ್ಕೆ ನಮ್ಮ ದೇಶದ ಹರ್ಡಲ್ಸಿನ ಇತಿಹಾಸವೇ ಒಂದು ದೃಷ್ಟಾಂತವನ್ನು ಕೊಡುತ್ತದೆ. ೧೯೦೦ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಾರ್ಮನ್ ಪ್ರಿಚರ್ಡ್ ಎಂಬಾತನು ೨೦೦ ಮೀಟರ್ ಓಟದಲ್ಲಿಯೂ ೨೦೦ ಮೀಟರ್ ಹರ್ಡಲ್ಸಿನಲ್ಲಿಯೂ ಎರಡನೆಯವನಾದನು. ಆತನು ಕಲ್ಕತ್ತೆಯಲ್ಲಿ ಹುಟ್ಟಿದ ಆಂಗ್ಲನು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಆ ಎರಡು ಪದಕಗಳನ್ನು ಭಾರತದ ಲೆಕ್ಕಕ್ಕೆ ಬರೆದಿದೆ. ಬ್ರಿಟನ್ನಿನ ಕೆಲವು ಇತಿಹಾಸಕಾರರು ಆತನು ತಮ್ಮವನೆಂದು ವಾದಿಸುತ್ತಾರೆ. ಆತನಾದರೋ ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಾಕ್ಕೂ ಹೋಗಿ, ಹೆಸರನ್ನು ಬದಲಾಯಿಸಿಕೊಂಡು ನಾಟಕ ಚಲನಚಿತ್ರಗಳಲ್ಲಿ ನಟನಾಗಿ, ೧೯೨೯ರಲ್ಲಿ ಅಲ್ಲಿಯೇ ತೀರಿಕೊಂಡನು. ಪದಕವಿಲ್ಲದಿದ್ದರೆ ಆತನಿಗಾಗಿ ಎರಡು ದೇಶಗಳು ಜಗಳವಾಡುತ್ತಿದ್ದವೇ ಎಂಬುದನ್ನು ವಾಚಕರೇ ಊಹಿಸಬಹುದು.

ನಮ್ಮ ಅಭಿಪ್ರಾಯದಲ್ಲಿ ಆ ಹಕ್ಕು ಬರುವುದು ಗೆಲ್ಲುವುದಕ್ಕೆ ಮುಂಚೆ ಸ್ಥಳ ಕೊಟ್ಟುದರಿಂದ, ಮತ್ತು ಬಿದ್ದ ಮೇಲೂ ಆ ಸ್ಥಳವನ್ನು ಕಾದಿಟ್ಟುದರಿಂದ. ಪೋರ್ಟೊ ರಿಕೊ ಜಾಸ್ಮಿನಳನ್ನು ಟೋಕಿಯೊದಲ್ಲಿ ಸಂಪಾದಿಸಲಿಲ್ಲ. ರಿಯೊದಲ್ಲಿ ಅಳುತ್ತ ಕುಳಿತ ಹುಡುಗಿಗೆ ಮುಂದೆಯೂ ತನ್ನ ತಂಡದಲ್ಲಿ ಜಾಗವಿದೆಯೆಂದು ನಡೆದುಕೊಂಡಿತಷ್ಟೆ, ಸಂಪಾದನೆ ಅಲ್ಲಿ ಆಯಿತು.

ಈಗ ಕೊರಟಗೆರೆಯ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಯ ನೇರವಾದ ಭಾಗಕ್ಕೆ ಬರೋಣ. ಅಮೆರಿಕಾದ ಪೌರಳಾದ ಆಕೆಯ ಮಗಳು ಭಾರತದ ಪರವಾಗಿ ಓಡಬಹುದೇ? ಪೋರ್ಟೊ ರಿಕೊದವರು ಅಮೆರಿಕಾದ ಪೌರರೇ ಆದುದರಿಂದ ಜಾಸ್ಮಿನಳು ಏನನ್ನೂ ತ್ಯಜಿಸಬೇಕಾಗಿರಲಿಲ್ಲ. ನಮ್ಮ ಸಂವಿಧಾನವಾದರೋ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ೨೦೦೫ರಿಂದ ಕೊಡಲಾಗುತ್ತಿರುವ ಸಾಗರೋತ್ತರ ಪೌರರ ಚೀಟಿಯು ಬಂದುಹೋಗಲು, ಇಲ್ಲಿ ವಾಸಿಸಲು ಅನುಕೂಲವೇ ಹೊರತು ಪೂರ್ಣ ಪೌರತ್ವವಲ್ಲ. ಭಾರತದ ಪಾಸ್‌ಪೋರ್ಟ್ ಉಳ್ಳವರೇ ದೇಶದ ಪರವಾಗಿ ಆಡತಕ್ಕದ್ದೆಂದು ಕೇಂದ್ರದ ಕ್ರೀಡಾ ಸಚಿವಾಲಯವು ೨೦೦೮ರಲ್ಲಿ ವಿಧಿಸಿತು. ಭಾರತೀಯ ತಂದೆಗೂ ಜಪಾನೀ ತಾಯಿಗೂ ಜನಿಸಿದ ಇಜುಮಿ ಅರಾಟ ಎಂಬ ಕಾಲ್ಚೆಂಡಿನ ಆಟಗಾರರು ಜಪಾನಿನ ಪೌರತ್ವವನ್ನೇ ಬಿಟ್ಟುಕೊಟ್ಟು, ೨೦೧೩ರಲ್ಲಿ ಭಾರತದ ತಂಡದಲ್ಲಿ ಆಡಿದರು. ವಿದೇಶಗಳಲ್ಲಿರುವ ಭಾರತೀಯ ಮೂಲದ ಆಟಗಾರರನ್ನು ಸಾಧ್ಯವಾದೆಡೆ ಪ್ರೋತ್ಸಾಹಿಸಿ ಕರೆತರಬಹುದೆಂದು ೨೦೨೫ರ ರಾಷ್ಟ್ರೀಯ ಕ್ರೀಡಾ ನೀತಿಯು ಹೇಳಿದೆ.

ಆ ಬಾಗಿಲು ಸ್ವಲ್ಪ ತೆರೆದರೆ ನಮಗೆ ಸಂತೋಷವೇ. ಆದರೆ ವಿದೇಶದಲ್ಲಿರುವ ಮೊಮ್ಮಗಳಿಗೆ ಬಾಗಿಲಿಲ್ಲವೆಂದು ಮರುಗುವ ನಾವು, ನಮ್ಮ ಮನೆಯೊಳಗಿನ ಮಗಳಿಗೆ ಹಾಕಿದ ಅಗುಳಿಯನ್ನು ನೋಡುತ್ತಿದ್ದೇವೆಯೇ? ಈ ಲೇಖನದ ತಾತ್ಪರ್ಯವೆಲ್ಲ ಈ ಒಂದು ಮಾತಿನಲ್ಲಿದೆ.

ನಮ್ಮ ಸೀಮೆಯಲ್ಲಿ “ಹುಡುಗಿ ಓಡಿದಳು” ಎಂದರೆ ಕೇಳಿದವರ ಮುಖವು ಬೇರೆಯಾಗುವುದು. ಗಂಡುಮಗನು ಓಡಿದರೆ ಪಂದ್ಯ, ಹೆಣ್ಣುಮಗಳು ಓಡಿದರೆ ಅಪವಾದ. ಎಂಟನೆಯ ತರಗತಿಗೆ ಸೇರುವಾಗ ಜಿಂಕೆಯಂತಿರುವ ಬಾಲಿಕೆಯು, ದೊಡ್ಡವಳಾದಳೆಂಬ ಕಾರಣದಿಂದ ಒಂಬತ್ತನೆಯ ತರಗತಿಯಲ್ಲಿ ಆಟದ ಅವಧಿಗೆ ನೆರಳಿನಲ್ಲಿ ಕುಳಿತಿರುತ್ತಾಳೆ. ಕೇಳಿದರೆ “ಮನೆಯಲ್ಲಿ ಬೇಡ ಅಂದಿದ್ದಾರೆ ಟೀಚರ್” ಎನ್ನುತ್ತಾಳೆ. ಇದೇ ಬಾಲಿಕೆಯು ನಸುಕಿನಲ್ಲಿ ಎರಡು ಬಿಂದಿಗೆ ನೀರನ್ನು ಹೊತ್ತು ತರುವುದಕ್ಕೂ, ಕಡಲೆಕಾಯಿಯ ಸುಗ್ಗಿಯಲ್ಲಿ ದಿನವೆಲ್ಲ ಬಗ್ಗಿ ಗಿಡ ಕೀಳುವುದಕ್ಕೂ ಯಾರೂ ಬೇಡವೆಂದಿಲ್ಲ.

ಇಲ್ಲಿ ನಮ್ಮ ಸ್ವಂತ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಇಪ್ಪತ್ತು ವರ್ಷಗಳ ಹಿಂದೆ ನಾವು ಇನ್ನೂ ಹೊಸ ಉಪಾಧ್ಯಾಯಿನಿಯಾಗಿದ್ದಾಗ, ಗಡಿಯ ಹಳ್ಳಿಯೊಂದರಿಂದ ಬಂದ ಬಾಲಿಕೆಯೊಬ್ಬಳು ಹೋಬಳಿಯ ಓಟವನ್ನೂ ತಾಲ್ಲೂಕಿನ ಓಟವನ್ನೂ ಗೆದ್ದು ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದಳು. ಹೊರಡುವ ಹಿಂದಿನ ದಿನ ತಂದೆಯು ಬಂದರು. ಕೋಪವಿರಲಿಲ್ಲ, ಕೈಮುಗಿದೇ ಮಾತನಾಡಿದರು. “ಅಮ್ಮಾವ್ರೇ, ಓಡಿದ್ದು ಸಾಕು. ನಾಳೆ ಹೆಣ್ಣು ನೋಡೋಕೆ ಬಂದೋರು ಎಲ್ಲೆಲ್ಲಿ ಓಡಿದ್ದಾಳೆ ನಿಮ್ಮ ಮಗಳು ಅಂತ ಕೇಳಿದ್ರೆ ನಾನೇನು ಹೇಳ್ಲಿ?” ಎಂದರು. ನಾವು ಒಂದು ಮಾತನ್ನೂ ಎದುರಾಡಲಿಲ್ಲ. ಹಿರಿಯರನ್ನು ನೋಯಿಸಬಾರದೆಂಬುದು ಹೊರಗಿನ ಕಾರಣ. ಊರಿನವರು ಶಾಲೆಯನ್ನು ಆಡಿಕೊಂಡಾರೆಂಬ ಭಯವು ಒಳಗಿನ ಕಾರಣ. ಮಾರನೆಯ ದಿನ ಆ ಹುಡುಗಿಯು ಶಾಲೆಯಿಂದ ಕೊಟ್ಟಿದ್ದ ಓಟದ ಉಡುಪನ್ನು ಒಗೆದು, ಮಡಿಸಿ, ನಮ್ಮ ಮೇಜಿನ ಮೇಲೆ ಇಟ್ಟುಹೋದಳು. ಅವಳು ಅಳಲಿಲ್ಲ. ಜಿಲ್ಲಾ ಮಟ್ಟದಲ್ಲಿ ಅವಳು ಗೆಲ್ಲುತ್ತಿದ್ದಳೋ ಸೋಲುತ್ತಿದ್ದಳೋ ಯಾರಿಗೂ ತಿಳಿಯದು. ಸೋಲುವ ಅವಕಾಶವನ್ನೂ ನಾವು ಆಕೆಗೆ ಕೊಡಲಿಲ್ಲ.

ಈ ವರ್ಷದ ಜೂನ್ ತಿಂಗಳಿನಲ್ಲಿ ಆಕೆಯೇ ತನ್ನ ಮಗಳನ್ನು ಸೇರಿಸಲು ಬಂದಳು. ಅರ್ಜಿಯನ್ನು ತುಂಬಿ ಕೊಟ್ಟು, ಶುಲ್ಕದ ವಿಚಾರವನ್ನೆಲ್ಲ ಮಾತನಾಡಿ, ಹೊರಡುವಾಗ, “ಟೀಚರ್, ಸಾಯಂಕಾಲದ ಆಟದ ಅವಧಿ ಈಗಲೂ ಇದೆಯೇ?” ಎಂದು ಕೇಳಿದಳು. ಇದೆ ಎಂದೆವು. “ಅಷ್ಟು ಸಾಕು” ಎಂದು ಹೋದಳು.

ಸ್ಥಳ ಕೊಟ್ಟರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕೇರಳ ಸರ್ಕಾರವು ೧೯೭೬ರಲ್ಲಿ ಕಣ್ಣೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಕ್ರೀಡಾಶಾಲೆಯನ್ನು ತೆರೆದಾಗ, ಅಲ್ಲಿಗೆ ಸೇರಿದ ಬಾಲಿಕೆಯರಲ್ಲಿ ಪಿ. ಟಿ. ಉಷಾ ಅವರು ಒಬ್ಬರು. ೧೯೮೪ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ, ಹೆಂಗಸರಿಗೆ ೪೦೦ ಮೀಟರ್ ಹರ್ಡಲ್ಸ್ ಮೊದಲ ಬಾರಿಗೆ ಒಲಿಂಪಿಕ್ಸಿನಲ್ಲಿ ಸೇರಿದ ವರ್ಷ, ಅವರು ೫೫.೪೨ ಸೆಕೆಂಡುಗಳಲ್ಲಿ ಓಡಿ ನಾಲ್ಕನೆಯವರಾದರು. ಮೂರನೆಯವಳ ಕಾಲ ೫೫.೪೧. ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಪದಕವು ತಪ್ಪಿತು. ಆದರೂ ದೇಶವು ಅವರನ್ನು ಮರೆಯಲಿಲ್ಲ. ನಮ್ಮ ಕರ್ನಾಟಕದಲ್ಲಿಯೂ ಉಡುಪಿ ಜಿಲ್ಲೆಯ ಸಿದ್ಧಾಪುರದ ಕಡೆಯ ಕೃಷಿಕರ ಮನೆಯಿಂದ ಬಂದ ಅಶ್ವಿನಿ ಅಕ್ಕುಂಜಿ ಅವರು ೨೦೧೦ರಲ್ಲಿ ಗುವಾಂಗ್‌ಜೌ ನಗರದ ಏಷ್ಯಾ ಕ್ರೀಡೆಗಳಲ್ಲಿ ಅದೇ ಓಟವನ್ನು ೫೬.೧೫ ಸೆಕೆಂಡುಗಳಲ್ಲಿ ಓಡಿ ಚಿನ್ನವನ್ನು ಗೆದ್ದರು. ಸಿದ್ಧಾಪುರದ ಮಳೆಕಾಡು ನಮ್ಮ ಬಯಲುಸೀಮೆಗೆ ದೂರವಾದರೂ, ಹಳ್ಳಿಯ ಮನೆಯ ಕಷ್ಟಸುಖಗಳು ಅಷ್ಟೇನೂ ದೂರವಲ್ಲ.

“ಎಲ್ಲ ಹುಡುಗಿಯರೂ ಒಲಿಂಪಿಕ್ಸಿಗೆ ಹೋಗುವರೇ?” ಎಂದು ಪೋಷಕರು ಕೇಳಬಹುದು. ಇಲ್ಲ, ಖಂಡಿತವಾಗಿ ಇಲ್ಲ. ನಮ್ಮ ಶಾಲೆಯಿಂದ ಒಬ್ಬಳೂ ಹೋಗದಿರಬಹುದು. ಎಲ್ಲರೂ ಪಂಡಿತೆಯರಾಗುವರೆಂದು ನಾವು ವ್ಯಾಕರಣವನ್ನು ಕಲಿಸುವುದಿಲ್ಲವಷ್ಟೆ. ಬಿದ್ದ ಮೇಲೆ ಎದ್ದು ಹೆಜ್ಜೆಯನ್ನು ಸರಿಪಡಿಸಿಕೊಳ್ಳುವುದನ್ನು ಹದಿನಾಲ್ಕನೆಯ ವರ್ಷದಲ್ಲಿ ಬಯಲಿನಲ್ಲಿ ಕಲಿತವಳು, ನಲವತ್ತನೆಯ ವರ್ಷದಲ್ಲಿ ಸಂಸಾರದಲ್ಲಿಯೂ ಅದನ್ನು ಮರೆಯಲಾರಳು.

ಆದಕಾರಣ ಪೋಷಕರಲ್ಲಿ ನಮ್ಮ ಮೊದಲನೆಯ ವಿಜ್ಞಾಪನೆ: ಆಟದ ಒಪ್ಪಿಗೆಯ ಪತ್ರಕ್ಕೆ ಮಗಳನ್ನು ಸೇರಿಸುವ ದಿನವೇ ರುಜು ಮಾಡಿರಿ. ಗೆದ್ದ ಮೇಲೆ ಹಾರ ಹಿಡಿದು ಬರುವುದಕ್ಕಿಂತ ಅದು ದೊಡ್ಡ ಉಪಕಾರ. ಮಗಳು ದೊಡ್ಡವಳಾದ ವರ್ಷ ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬೇಡಿರಿ. ಹೊರ ಊರಿಗೆ ಹೋಗುವಾಗ ಉಪಾಧ್ಯಾಯಿನಿಯೊಬ್ಬರು ಜೊತೆಯಲ್ಲಿ ಇದ್ದೇ ಇರುವರು. ತಾವೂ ಬರುವುದಾದರೆ ಇನ್ನೂ ಒಳ್ಳೆಯದು.

ಎರಡನೆಯದು ಪೂರ್ವ ವಿದ್ಯಾರ್ಥಿನಿಯರಾದ ನಿಮಗೆ. ನಿಮ್ಮಲ್ಲಿ ಅನೇಕರು ತುಮಕೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಮನೆ ಮಾಡಿಕೊಂಡಿದ್ದೀರಿ. ನಮ್ಮ ಬಾಲಿಕೆಯರು ವಿಭಾಗ ಮಟ್ಟಕ್ಕೋ ರಾಜ್ಯ ಮಟ್ಟಕ್ಕೋ ಬಂದಾಗ ರಾತ್ರಿ ತಂಗಲು ಗೌರವದ ಸ್ಥಳವಿಲ್ಲವೆಂಬುದೇ ತಂದೆತಾಯಿಗಳ ದೊಡ್ಡ ಅಂಜಿಕೆ. ಒಂದು ಕೋಣೆ, ಒಂದು ಹೊತ್ತಿನ ಊಟ, “ಬಾಮ್ಮ” ಎಂಬ ಒಂದು ಮಾತು, ಇಷ್ಟನ್ನು ನೀವು ಕೊಟ್ಟರೆ ಊರು ಬಿಟ್ಟು ಬಂದ ಮಗುವಿಗೆ ಅಲ್ಲಿಯೂ ಒಂದು ತವರು ಸಿಕ್ಕಿದಂತಾಯಿತು.

ಶಾಲೆಯ ಪಾಲಿನ ಕೆಲಸವನ್ನು ನಾವು ಆರಂಭಿಸಿದ್ದೇವೆ. ಊರಿನ ಬಡಗಿಯಿಂದ ಹತ್ತು ಮರದ ತಡೆಗಳನ್ನು, ಎಳೆಯರಿಗೆ ತಕ್ಕಂತೆ ಎತ್ತರ ತಗ್ಗಿಸಿ, ತಾಗಿದರೆ ಸುಲಭವಾಗಿ ಮಗುಚುವಂತೆ ಮಾಡಿಸಿದ್ದೇವೆ. ಪ್ರತಿದಿನ ಸಾಯಂಕಾಲ ಅರ್ಧ ಗಂಟೆಯ ಅಭ್ಯಾಸ, ಆಮೇಲೆ ಹುರಿದ ಕಡಲೆಕಾಯಿ ಮತ್ತು ಬೆಲ್ಲ. ಪಾವಗಡದ ಪೋಷಕರೊಬ್ಬರು ಈ ವರ್ಷ ಒಂದು ಮೂಟೆ ಕಡಲೆಕಾಯಿಯನ್ನು ಕೇಳದೆಯೇ ಕಳುಹಿಸಿದ್ದಾರೆ.

ಕೊನೆಗೆ, ದೂರದೇಶದಿಂದ ಬಂದು ಪ್ರಶ್ನೆಯನ್ನು ಕೇಳಿದ ನಮ್ಮ ವಿದ್ಯಾರ್ಥಿನಿಗೆ ಹೇಳುತ್ತೇವೆ: ನಿನ್ನ ಮಗಳು ಮುಂದೆ ಯಾವ ದೇಶದ ಅಂಗಿಯನ್ನು ತೊಟ್ಟು ಓಡುವಳೆಂಬುದನ್ನು ಕಾನೂನೂ ಆಕೆಯ ಮನಸ್ಸೂ ನಿಶ್ಚಯಿಸಲಿ. ನಾವು ಅದಕ್ಕಾಗಿ ಕಾಯುವುದಿಲ್ಲ. ಮುಂದಿನ ಸಲ ಬಂದಾಗ ಓಟದ ಬೂಟುಗಳನ್ನು ಜೊತೆಯಲ್ಲಿ ತರಲು ಹೇಳು. ಬಯಲಿನಲ್ಲಿ ತಡೆಗಳು ನಿಂತಿರುತ್ತವೆ. ಗಡಿಯ ಹಳ್ಳಿಯಿಂದ ಬಂದ ಒಬ್ಬ ಹೊಸ ಹುಡುಗಿಯು ಅಲ್ಲಿ ಅಭ್ಯಾಸ ಮಾಡುತ್ತಿರುತ್ತಾಳೆ. ಇಬ್ಬರೂ ಜೊತೆಯಾಗಿ ಓಡಲಿ.